ಒಂದು ಮಲೆಗ್ರಾಮ ಮತ್ತು ಅದರ ನೆರೆಹಳ್ಳಿಗಳು
(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡುವವನು ಆ ದೇವಾಲಯದ ಚರಿತ್ರೆಯನ್ನೇ ಹೇಳಬೇಕೆಂದು ಸಭೆ ನಿರೀಕ್ಷಿಸುವುದು ಸಹಜ. ಆ ಕಾರ್ಯವನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಈಗಾಗಲೇ ನೆರವೇರಿಸಿದ್ದಾರೆ. ಅವರ ಮಾತುಗಳನ್ನು ಕೇಳುತ್ತಿದ್ದಾಗ ಒಂದು ಸಂಗತಿ ನನ್ನ ಮನಸ್ಸಿಗೆ ಬಂದಿತು. ಯಾವ ಧರ್ಮಕೇಂದ್ರವೇ ಆಗಲಿ, ಅದಕ್ಕೆ ಒಂದು ಊರಿನ ಹೆಸರಿರುತ್ತದೆ. ಶಿಲಾಫಲಕದ ಮೇಲೆ ಕೆತ್ತಿರುವುದು ಆ ಒಂದು ಹೆಸರನ್ನೇ. ಆದರೆ ಗಾರೆ ಕಲಸಿದವರು, ತೊಲೆ ಹೊತ್ತವರು, ಭಾನುವಾರ ಭಾನುವಾರ ಹೊಳೆ ದಾಟಿ ಬಂದು ಕಾಣಿಕೆ ಹಾಕಿದವರು ಸುತ್ತಲಿನ ಹಳ್ಳಿ, ಕೊಪ್ಪಲು, ಕಾಡಂಚಿನ ಒಂಟಿಮನೆಗಳವರು. ಅವರ ಊರುಗಳ ಹೆಸರು ಫಲಕದಲ್ಲಿ ಇರುವುದಿಲ್ಲ. ಬಹಳವಾದರೆ ‘ಹಾಗೂ ನೆರೆಹೊರೆಯ ಗ್ರಾಮಸ್ಥರು’ ಎಂದು ಇರುತ್ತದೆ.

ಈ ‘ನೆರೆಹೊರೆಯ’ ಎಂಬ ಶಬ್ದದ ತೂಕವೆಷ್ಟು ಎಂಬುದನ್ನು ತೋರಿಸಿಕೊಡುವ ಒಂದು ಪ್ರದೇಶ ಯೂರೋಪಿನಲ್ಲಿದೆ. ಅದರ ವೃತ್ತಾಂತವನ್ನು ಇಂದು ತಮ್ಮ ಮುಂದೆ ಇಡಲು ಅಪ್ಪಣೆ ಬೇಡುತ್ತೇನೆ. ಅದು ನಮ್ಮ ಸಭೆಯವರ ಊರಲ್ಲ. ಬಹುಮಟ್ಟಿಗೆ ಪ್ರಾಟೆಸ್ಟೆಂಟರ ಊರು. ಅಲ್ಲಿ ಆಶ್ರಯ ಪಡೆದವರು ಕ್ರೈಸ್ತರೂ ಅಲ್ಲ, ಯೆಹೂದ್ಯರು. ಕಥೋಲಿಕ ದೇವಾಲಯದ ಶತಮಾನೋತ್ಸವದಲ್ಲಿ ಇದೇಕೆ ಎಂದು ಯಾರಾದರೂ ಕೇಳಿದರೆ, ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥಿಸುತ್ತೇನೆ.

ಫ್ರಾನ್ಸ್ ದೇಶದ ನಡುಭಾಗದಲ್ಲಿ, ಲ್ವಾರ್ ನದಿ ಹುಟ್ಟುವ ಸೀಮೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿ ಒಂದು ಪ್ರಸ್ಥಭೂಮಿಯಿದೆ. ಅದರ ಒಂದು ಪಾಲು ಓತ್-ಲ್ವಾರ್ ಜಿಲ್ಲೆಗೂ ಇನ್ನೊಂದು ಪಾಲು ಆರ್ದೇಶ್ ಜಿಲ್ಲೆಗೂ ಸೇರುತ್ತದೆ. ಆರ್ದೇಶ್ ಸೀಮೆಗೆ ಹಿಂದಿನ ಹೆಸರು ವಿವರೇ. ಆ ಹೆಸರು ನಮಗೆ ತೀರ ಪರಕೀಯವಲ್ಲ. 1799ರ ಅನಂತರ ಶ್ರೀರಂಗಪಟ್ಟಣಕ್ಕೆ ಬಂದು, ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಿ, ಸಿಡುಬಿಗೆ ದಾಕು ಹಾಕಿಸಲು ಹಳ್ಳಿ ಹಳ್ಳಿ ತಿರುಗಿದ ಅಬ್ಬೆ ದ್ಯುಬುವಾ, ಅಂದರೆ ನಮ್ಮ ಹಿರಿಯರ ಬಾಯಲ್ಲಿ ‘ದೊಡ್ಡ ಸ್ವಾಮಿಯವರು’, ಹುಟ್ಟಿದ್ದು ಆ ವಿವರೇ ಸೀಮೆಯಲ್ಲಿಯೇ. ನಾನು ಹೇಳುತ್ತಿರುವ ಪ್ರಸ್ಥಭೂಮಿ ಅವರ ಊರಿಗೆ ಉತ್ತರದಲ್ಲಿ, ಇನ್ನೂ ಎತ್ತರದಲ್ಲಿದೆ. ಮೆಜೆಂಕ್ ಎಂಬ 1,753 ಮೀಟರ್ ಎತ್ತರದ ಶಿಖರ ಅದರ ದಕ್ಷಿಣಕ್ಕೆ ನಿಂತಿದೆ. ಲಿನ್ಯೋಂ ಎಂಬ ಹೊಳೆ ಆ ಬಯಲುಗಳ ನಡುವೆ ಹರಿದು ಮುಂದೆ ಲ್ವಾರ್ ನದಿಯನ್ನು ಕೂಡುತ್ತದೆ. ಚಳಿಗಾಲದಲ್ಲಿ ‘ಬ್ಯುರ್ಲ್’ ಎಂಬ ಉತ್ತರದ ಗಾಳಿ ಬೀಸುತ್ತದೆ. ಬಿದ್ದ ಹಿಮವನ್ನು ಎತ್ತಿ ತಂದು ದಾರಿಗಳನ್ನು ಮುಚ್ಚುತ್ತದೆ. ಮನೆಗಳು ಕರಿಕಲ್ಲಿನವು, ಮಾಡಿಗೆ ಹೊದಿಸಿರುವುದೂ ಕಲ್ಲುಚಪ್ಪಡಿ. ಒಂದೇ ಸೂರಿನಡಿ ದನಕರುಗಳೂ ಮನುಷ್ಯರೂ ಇರುವ ಕ್ರಮ. ಬೆಳೆಯೆಂದರೆ ಆಲೂಗಡ್ಡೆ ಮತ್ತು ಒರಟು ಧಾನ್ಯ. ಜೊತೆಗೆ ಹಾಲು, ಕಾಡಿನ ಅಣಬೆ. ನಮ್ಮ ಮಲೆನಾಡಿನವರಿಗೆ ಇದರ ಚಿತ್ರ ಕಲ್ಪಿಸಿಕೊಳ್ಳಲು ಕಷ್ಟವಾಗದು. ಮಳೆಯ ಬದಲು ಹಿಮವನ್ನು ಇಟ್ಟುಕೊಂಡರೆ ಸಾಕು.

ಈ ಬಯಲಿನ ಮುಖ್ಯ ಗ್ರಾಮ ಲ ಶಾಂಬೋಂ ಸ್ಯುರ್ ಲಿನ್ಯೋಂ. ಶಾಂಬೋಂ ಎಂದೇ ಮುಂದೆ ಕರೆಯುತ್ತೇನೆ. ಯುದ್ಧದ ಕಾಲಕ್ಕೆ ಅದರ ಜನಸಂಖ್ಯೆ ಮೂರು ಸಾವಿರದೊಳಗೆ. ಸುತ್ತ ಲ ಮಾಜೆ, ಫೇ, ತಾಂಸ್, ಸೇಂತ್ ಆಗ್ರೇವ್, ದವೆಸ್ಸೆ ಮೊದಲಾದ ಊರುಗಳು. ಒಂದೊಂದು ಊರಿಗೂ ಸೇರಿದಂತೆ ಕಾಡು ಗುಡ್ಡಗಳಲ್ಲಿ ಚದುರಿದ ಕೊಪ್ಪಲುಗಳು. ಅವುಗಳಿಂದಾಚೆಗೆ ಒಂದಕ್ಕೊಂದು ಕೂಗಳತೆಗೂ ಸಿಕ್ಕದ ಒಂಟಿಮನೆಗಳು.

ಅಲ್ಲಿಯವರು ಹದಿನಾರನೆಯ ಶತಮಾನದಲ್ಲಿಯೇ ಪ್ರಾಟೆಸ್ಟೆಂಟ್ ಮತವನ್ನು ಹಿಡಿದರು. 1598ರ ನಾಂತ್ ಶಾಸನ ಅವರಿಗೆ ಒಂದಿಷ್ಟು ರಕ್ಷಣೆ ಕೊಟ್ಟಿತ್ತು. 1685ರಲ್ಲಿ ಹದಿನಾಲ್ಕನೆಯ ಲೂಯಿ ಅದನ್ನು ರದ್ದುಮಾಡಿದ. ಅಲ್ಲಿಂದ 1787ರವರೆಗೆ ನೂರು ವರ್ಷಕ್ಕೂ ಮಿಕ್ಕಿ ಅವರ ಪ್ರಾರ್ಥನೆ ಅಪರಾಧವಾಗಿತ್ತು, ಅವರ ಮದುವೆಗಳಿಗೆ ಮಾನ್ಯತೆಯಿರಲಿಲ್ಲ, ಪಾಸ್ಟರುಗಳಿಗೆ ನೇಣು ಕಾದಿತ್ತು. ವಿವರೇ ಸೀಮೆಯ ಮರಿ ದ್ಯುರಾಂ ಎಂಬ ಹೆಣ್ಣುಮಗಳನ್ನು 1730ರಲ್ಲಿ ಸಮುದ್ರತೀರದ ಒಂದು ಕೋಟೆಬುರುಜಿನಲ್ಲಿ ಸೆರೆಯಿಟ್ಟರು. ಅವಳ ಅಣ್ಣ ಪಾಸ್ಟರನಾಗಿದ್ದನೆಂಬುದೇ ಅವಳ ಮೇಲಿನ ದೊಡ್ಡ ಆರೋಪ. ಮತವನ್ನು ಬಿಟ್ಟೆನೆಂದು ಒಂದು ಮಾತು ಹೇಳಿದ್ದರೆ ಬಾಗಿಲು ತೆರೆಯುತ್ತಿತ್ತು. ಅವಳು ಹೇಳಲಿಲ್ಲ, ಹೊರಬಂದದ್ದು 1768ರಲ್ಲಿ, ಮೂವತ್ತೆಂಟು ವರ್ಷಗಳ ಮೇಲೆ. ಈ ಕಾರ್ಯವನ್ನು ನಡೆಸಿದ ರಾಜ್ಯ ತನ್ನನ್ನು ಕಥೋಲಿಕವೆಂದು ಕರೆದುಕೊಳ್ಳುತ್ತಿತ್ತು. ಹಬ್ಬದ ದಿನ ಇದನ್ನು ಹೇಳದೆ ದಾಟಬಹುದಿತ್ತು. ಆದರೆ ಇದನ್ನು ಬಿಟ್ಟರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಅಡಗಿ ಬಾಳುವುದೆಂದರೇನು, ರಾಜಭಟರು ಬಂದಾಗ ಬಾಯಿ ಬಿಡದಿರುವುದೆಂದರೇನು, ಯಾವ ಮನೆಯ ಹಿಂದೆ ಕಾಡಿನ ದಾರಿಯಿದೆ ಎಂಬುದೆಲ್ಲ ಆ ಜನಕ್ಕೆ ಅಜ್ಜಿಕಥೆಯ ಮೂಲಕ ಬಂದ ತಿಳಿವಳಿಕೆಯಾಗಿತ್ತು. ಆ ಅಜ್ಜಿಕಥೆಗಳಲ್ಲಿ ಭಟರನ್ನು ಕಳುಹಿಸಿದವರು ನಮ್ಮವರು.

ಇನ್ನೊಂದು ಅಭ್ಯಾಸವೂ ಅವರಿಗಿತ್ತು. ಅದು ಧರ್ಮಕ್ಕಿಂತ ಹೊಟ್ಟೆಪಾಡಿಗೆ ಸಂಬಂಧಿಸಿದ್ದು. ಆದರೂ ಅದರಷ್ಟೇ ಮುಖ್ಯವೆಂದು ನನ್ನ ಅಭಿಪ್ರಾಯ. ಸೇಂತ್ ಎತಿಯೆನ್ ಎಂಬ ಗಣಿನಗರದ ಪಾಸ್ಟರ್ ಲೂಯಿ ಕೋಂತ್ 1890ರ ದಶಕದಲ್ಲಿ ಕೂಲಿಕಾರರ ನಿಸ್ತೇಜ ಮಕ್ಕಳನ್ನು ಬೇಸಿಗೆಗೆ ಈ ಎತ್ತರದ ಊರುಗಳಿಗೆ ಕಳುಹಿಸುವ ಏರ್ಪಾಡು ಮಾಡಿದರು. ರೈತರ ಮನೆಗಳಲ್ಲಿ ಮಕ್ಕಳನ್ನು ಇರಿಸಿ, ಅವರ ಊಟಕ್ಕೆ ಒಂದಿಷ್ಟು ಹಣ ಕೊಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಣ್ಣ ಹಳಿಯ ರೈಲು ಬಂದಿತು. ಹವೆ ಬದಲಾವಣೆಗೆ ಬರುವವರಿಗಾಗಿ ವಸತಿಗೃಹಗಳು ಎದ್ದವು. ಹೀಗಾಗಿ ಗುರುತಿಲ್ಲದ ಪಟ್ಟಣದ ಮಗುವೊಂದು ರೈತನ ಊಟದ ಮೇಜಿನ ಕೊನೆಯಲ್ಲಿ ಕುಳಿತಿರುವುದು ಆ ಸೀಮೆಯಲ್ಲಿ ಯಾರ ಹುಬ್ಬನ್ನೂ ಏರಿಸುತ್ತಿರಲಿಲ್ಲ. ‘ಇವನಾರು’ ಎಂದು ಕೇಳುವ ರೂಢಿಯೇ ಇರಲಿಲ್ಲ. ಮುಂದೆ ಸಾವಿರಾರು ಜನರ ಪ್ರಾಣ ಉಳಿದದ್ದರಲ್ಲಿ ಕೇಳದಿರುವ ಈ ರೂಢಿಯ ಪಾಲು ಸಣ್ಣದಲ್ಲ.

1934ರಲ್ಲಿ ಆಂದ್ರೆ ತ್ರೋಕ್ಮೆ ಎಂಬ ಪಾಸ್ಟರು ಶಾಂಬೋಂಗೆ ಬಂದರು. ಅವರ ಪತ್ನಿ ಮಾಗ್ದಾ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದಾಕೆ. ಯುದ್ಧವೆಂಬುದನ್ನೇ ತಿರಸ್ಕರಿಸಿದ್ದ ತ್ರೋಕ್ಮೆಯವರನ್ನು ಅವರ ಸಭೆಯ ಅಧಿಕಾರಿಗಳು ಅಷ್ಟಾಗಿ ಮೆಚ್ಚುತ್ತಿರಲಿಲ್ಲ. ಅಂಥವರಿಗೆ ಸಿಕ್ಕುವುದು ಇಂಥ ದೂರದ ಊರೇ. ಅವರ ಗೆಳೆಯ ಎದುವಾರ್ ತೇಯಿಸ್ ಜೊತೆಗೂಡಿ 1938ರಲ್ಲಿ ಒಂದು ಪ್ರೌಢಶಾಲೆಯನ್ನು ತೆರೆದರು. ಮೊದಲ ವರ್ಷ ಅಲ್ಲಿದ್ದವರು ಹದಿನೆಂಟು ಮಂದಿ ವಿದ್ಯಾರ್ಥಿಗಳಂತೆ. ಯುದ್ಧ ಮುಗಿಯುವ ವೇಳೆಗೆ ಅದು ಮುನ್ನೂರನ್ನು ದಾಟಿತ್ತು. ಅವರಲ್ಲಿ ಎಷ್ಟು ಮಂದಿಯ ಹೆಸರು ನಿಜವಾದ ಹೆಸರು ಎಂಬುದನ್ನು ಶಾಲೆಯ ಹಾಜರಿ ಪುಸ್ತಕ ಹೇಳುತ್ತಿರಲಿಲ್ಲ.

1940ರ ಜೂನ್ 22ರಂದು ಸೋತ ಫ್ರಾನ್ಸ್ ಜರ್ಮನಿಯೊಡನೆ ಕದನವಿರಾಮಕ್ಕೆ ಸಹಿ ಹಾಕಿತು. ಮರುದಿನ ಭಾನುವಾರ. ಆ ದಿನದ ಪ್ರಬೋಧನೆಯಲ್ಲಿ ಇಬ್ಬರು ಪಾಸ್ಟರರೂ, ಹಿಂಸೆ ಬಂದಾಗ ಕ್ರೈಸ್ತನು ಆತ್ಮದ ಆಯುಧಗಳಿಂದ ಅದನ್ನು ಎದುರಿಸಬೇಕೆಂದು ತಮ್ಮ ಜನಕ್ಕೆ ಹೇಳಿದರು. ಅದೇ ಅಕ್ಟೋಬರಿನಲ್ಲಿ ವಿಶಿ ಸರ್ಕಾರ ಯೆಹೂದ್ಯರ ವಿರುದ್ಧ ಮೊದಲ ಶಾಸನವನ್ನು ಹೊರಡಿಸಿತು. ಪರದೇಶದ ಯೆಹೂದ್ಯರನ್ನು ಗ್ಯುರ್ಸ್, ರಿವ್‌ಸಾಲ್ತ್ ಮುಂತಾದ ಕಡೆ ಮುಳ್ಳುತಂತಿಯ ಬೇಲಿಯೊಳಗೆ ಕೂಡಿಹಾಕಿದರು.

ಮೊದಲ ಚಳಿಗಾಲದ ಒಂದು ಸಂಜೆ, ಮೈತುಂಬ ಹಿಮ ಹೊತ್ತ ಒಬ್ಬ ಹೆಂಗಸು ಪಾಸ್ಟರರ ಮನೆಯ ಬಾಗಿಲು ತಟ್ಟಿದಳು. ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯೆಹೂದ್ಯಳು. ಒಳಗೆ ಬರಬಹುದೇ ಎಂದು ಕೇಳಿದಳು. ಬರಬೇಕು ಎಂದರು ಮಾಗ್ದಾ. ಅವಳ ತೊಯ್ದ ಪಾದರಕ್ಷೆಗಳನ್ನು ಒಲೆಯ ಬಳಿ ಒಣಗಲು ಇಟ್ಟು, ಅವಳಿಗೆ ಕಾಗದಪತ್ರ ಮಾಡಿಸಿಕೊಡಲು ಊರ ಅಧ್ಯಕ್ಷರಲ್ಲಿಗೆ ಹೋದರು. ಅವರು, ಪರದೇಶಿಯೊಬ್ಬಳಿಗಾಗಿ ಇಡೀ ಊರನ್ನು ಅಪಾಯಕ್ಕೆ ಒಡ್ಡಬೇಡಿ, ನಾಳೆಯೇ ಕಳುಹಿಸಿಬಿಡಿ ಎಂದರು. ಮಾಗ್ದಾ ಅವಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಅಂದಿನಿಂದ ಅವರು ಅಧಿಕಾರಿಗಳ ಅಪ್ಪಣೆ ಕೇಳುವುದನ್ನು ಬಿಟ್ಟರು. ಇಡೀ ಚಳವಳಿಗೆ ಇದಕ್ಕಿಂತ ದೊಡ್ಡ ಉದ್ಘಾಟನೆಯೇನೂ ಆಗಲಿಲ್ಲ. ಸಮಿತಿ ರಚನೆಯಾಗಲಿಲ್ಲ, ನಿರ್ಣಯ ಅಂಗೀಕಾರವಾಗಲಿಲ್ಲ.

ಮುಂದೆ ಹಲವು ಸಂಸ್ಥೆಗಳು ಕೈಜೋಡಿಸಿದವು. ಕ್ವೇಕರರು, ಸ್ವಿಸ್ ಮಕ್ಕಳ ನೆರವಿನ ಸಂಸ್ಥೆ, ಸಿಮಾದ್ ಎಂಬ ಪ್ರಾಟೆಸ್ಟೆಂಟ್ ಯುವಜನರ ಸೇವಾಸಂಸ್ಥೆ, ಇವೆಲ್ಲ ಶಿಬಿರಗಳಿಂದ ಬಿಡಿಸಿ ತಂದ ಮಕ್ಕಳಿಗಾಗಿ ಶಾಂಬೋಂ ಸುತ್ತ ಮನೆಗಳನ್ನು ನಡೆಸಿದವು. ಅವುಗಳ ಚರಿತ್ರೆ ಗ್ರಂಥಗಳಲ್ಲಿ ವಿವರವಾಗಿದೆ. ನಾನು ನಿಲ್ಲಬಯಸುವುದು 1942ರ ಆಗಸ್ಟ್ ತಿಂಗಳಿನಲ್ಲಿ.

ಅದಕ್ಕೆ ಹಿಂದಿನ ತಿಂಗಳು 16 ಮತ್ತು 17ರಂದು ಪ್ಯಾರಿಸಿನಲ್ಲಿ ಫ್ರೆಂಚ್ ಪೊಲೀಸರೇ ಸುಮಾರು 13,000 ಯೆಹೂದ್ಯರನ್ನು ಹಿಡಿದಿದ್ದರು. ಅವರಲ್ಲಿ 4,000ಕ್ಕೂ ಹೆಚ್ಚು ಮಂದಿ ಮಕ್ಕಳು. ಆಗಸ್ಟ್ 10ರಂದು ವಿಶಿ ಸರ್ಕಾರದ ಯುವಜನ ಖಾತೆಯ ಮುಖ್ಯಸ್ಥ ಲಾಮಿರಾಂ ಶಾಂಬೋಂಗೆ ಭೇಟಿ ಕೊಟ್ಟ. ಸ್ವಾಗತ ತೀರ ಸಪ್ಪೆಯಾಗಿತ್ತು. ಕಾರ್ಯಕ್ರಮದ ಕೊನೆಗೆ ಶಾಲೆಯ ಹಿರಿಯ ವಿದ್ಯಾರ್ಥಿಗಳು ಅವನ ಕೈಗೆ ಒಂದು ಪತ್ರ ಕೊಟ್ಟರು. ಪ್ಯಾರಿಸಿನಲ್ಲಿ ನಡೆದದ್ದನ್ನು ಕೇಳಿದ್ದೇವೆ. ನಮ್ಮ ನಡುವೆಯೂ ಯೆಹೂದ್ಯರಿದ್ದಾರೆ. ಅವರನ್ನು ನಾವು ಬೇರೆಯವರೆಂದು ಎಣಿಸುವುದಿಲ್ಲ. ಒಪ್ಪಿಸೆಂದು ಆಜ್ಞೆ ಬಂದರೆ ಒಪ್ಪಿಸದೆ ಅಡಗಿಸುತ್ತೇವೆ ಎಂಬುದು ಅದರ ಸಾರ. ಗುಟ್ಟಾಗಿ ನಡೆಯಬೇಕಾದ ಕಾರ್ಯವನ್ನು ಹೀಗೆ ಮಂತ್ರಿಯ ಮುಂದೆಯೇ ಸಾರಿದ್ದು ಜಾಣತನವೋ ಅಲ್ಲವೋ ಎಂದು ಅಂದೇ ಚರ್ಚೆಯಾಯಿತು. ಹದಿಹರೆಯದವರ ಸತ್ಯ ಹಾಗೆಯೇ ಇರುತ್ತದೆ. ಜಿಲ್ಲಾಧಿಕಾರಿ ಕೋಪಗೊಂಡು ತ್ರೋಕ್ಮೆಯವರನ್ನು ಗದರಿಸಿದಾಗ, ಯೆಹೂದ್ಯನೆಂದರೆ ಯಾರೋ ನಮಗೆ ತಿಳಿಯದು, ನಮಗೆ ಮನುಷ್ಯರು ಮಾತ್ರ ಗೊತ್ತು ಎಂಬರ್ಥದ ಉತ್ತರ ದೊರೆಯಿತು.

ಎರಡು ವಾರ ಕಳೆದು ಪೊಲೀಸರು ಬಸ್ಸುಗಳೊಂದಿಗೆ ಬಂದರು. ಹೆಸರುಗಳ ಪಟ್ಟಿ ಕೇಳಿದರು, ಪಾಸ್ಟರರು ಕೊಡಲಿಲ್ಲ. ಅಷ್ಟರಲ್ಲಿ ಮಕ್ಕಳ ಮನೆಗಳು ಖಾಲಿಯಾಗಿದ್ದವು. ಪೊಲೀಸರು ವಾರಗಟ್ಟಲೆ ಇದ್ದು, ಹಳ್ಳಿ ಹಳ್ಳಿ ಸುತ್ತಿ, ಅಟ್ಟ ಹುಲ್ಲುಬಣವೆಗಳನ್ನು ಕೆದಕಿ, ಬೆರಳೆಣಿಕೆಯ ಮಂದಿಯನ್ನು ಮಾತ್ರ ಹಿಡಿಯಲು ಶಕ್ತರಾದರು. ಉಳಿದವರು ಎಲ್ಲಿ ಹೋದರು? ನನ್ನ ಭಾಷಣದ ವಿಷಯ ಇರುವುದು ಇಲ್ಲಿಯೇ. ಅವರು ಶಾಂಬೋಂನಲ್ಲಿ ಇರಲೇ ಇಲ್ಲ. ನೆರೆಹಳ್ಳಿಗಳಲ್ಲಿ, ಕೊಪ್ಪಲುಗಳಲ್ಲಿ, ಒಂಟಿಮನೆಗಳಲ್ಲಿ, ಅವುಗಳ ಹಿಂದಿನ ಕಾಡಿನಲ್ಲಿ ಇದ್ದರು. ಪೊಲೀಸರು ಹಿಂದಿರುಗಿದ ಮೇಲೆ ಕಾಡಿನೊಳಗೆ ಹೋಗಿ ಒಂದು ಹಾಡು ಹಾಡುತ್ತಿದ್ದೆವು, ಅದನ್ನು ಕೇಳಿ ಅಡಗಿದವರು ಹೊರಬರುತ್ತಿದ್ದರು ಎಂದು ಆ ದಿನಗಳ ಕಾರ್ಯಕರ್ತರು ನೆನೆದಿದ್ದಾರೆ.

ಶಾಂಬೋಂ ಎಲ್ಲರ ಕಣ್ಣಿಗೂ ಬೀಳುವ ಊರು. ಅಲ್ಲಿ ರೈಲುನಿಲ್ದಾಣವಿತ್ತು, ವಸತಿಗೃಹಗಳಿದ್ದವು, ಧೈರ್ಯವಾಗಿ ಮಾತನಾಡುವ ಪಾಸ್ಟರರಿದ್ದರು. 1943ರಲ್ಲಂತೂ ಗಾಯಗೊಂಡು ಚೇತರಿಸಿಕೊಳ್ಳುತ್ತಿದ್ದ ಜರ್ಮನ್ ಸೈನಿಕರನ್ನು ಅದೇ ಊರಿನ ಹೋಟೆಲಿನಲ್ಲಿ ಇರಿಸಲಾಗಿತ್ತು. ಬಂದವರು ಮೊದಲು ಇಳಿಯುತ್ತಿದ್ದುದು ಅಲ್ಲಿ. ನಿಜವಾಗಿ ಉಳಿಯುತ್ತಿದ್ದುದು ಆಚೆಗೆ. ಫೇ ಗ್ರಾಮದಲ್ಲಿ ದಾನಿಯೆಲ್ ಕ್ಯುರ್ತೆ ಎಂಬ ಸ್ವಿಟ್ಜರ್ಲೆಂಡಿನ ತರುಣ ಪಾಸ್ಟರರಿದ್ದರು. ಪತ್ರಗಳನ್ನು ಸರ್ಕಾರ ಒಡೆದು ಓದುತ್ತಿದ್ದ ಕಾಲ. ಅವರು ತಮ್ಮ ತಂದೆಗೆ ಬರೆಯುತ್ತಿದ್ದ ಕಾರ್ಡುಗಳಲ್ಲಿ ಬೈಬಲಿನ ಉಲ್ಲೇಖಗಳನ್ನೇ ಗುಪ್ತಭಾಷೆಯಾಗಿ ಬಳಸುತ್ತಿದ್ದರು. ತಂದೆ ಬೈಬಲು ತೆರೆದು ಓದಿಕೊಂಡರೆ ಸುದ್ದಿ ತಿಳಿಯುತ್ತಿತ್ತು. ‘ಹಳೆಯ ಒಡಂಬಡಿಕೆ’ಯ ಪ್ರತಿಗಳು ಬರುತ್ತಿವೆ ಎಂದರೆ ಆ ಸೀಮೆಯಲ್ಲಿ ಅರ್ಥ ಬೇರೆಯೇ ಇತ್ತು.

ಲ ಮಾಜೆ ಮತ್ತು ಫೇ ಸುತ್ತಲಿನ ಕೊಪ್ಪಲುಗಳಲ್ಲಿ ಡಾರ್ಬಿಯರೆಂಬ ಪಂಗಡದವರು ಬಹಳ. ಅವರಿಗೆ ಪಾಸ್ಟರೂ ಇಲ್ಲ, ದೊಡ್ಡ ದೇವಾಲಯವೂ ಇಲ್ಲ. ಯಾರದಾದರೂ ಮನೆಯಲ್ಲಿ ಸೇರಿ ಬೈಬಲು ಓದುವವರು. ಮಿತಭಾಷಿಗಳು. ಯೆಹೂದ್ಯರೆಂದರೆ ಅವರ ದೃಷ್ಟಿಯಲ್ಲಿ ದೇವರ ಆಯ್ದ ಜನಾಂಗ. ಆಶ್ರಯ ಕೇಳಿ ಬಂದವನನ್ನು ಹಿಂದಕ್ಕೆ ಕಳುಹಿಸುವ ಪ್ರಶ್ನೆಯೇ ಅವರಲ್ಲಿ ಏಳಲಿಲ್ಲ. ಇವರಾರೂ ತ್ರೋಕ್ಮೆಯವರ ಪ್ರಬೋಧನೆ ಕೇಳಿ ಎದ್ದವರಲ್ಲ. ಅವರ ಸಭೆಗೆ ಸೇರಿದವರೇ ಅಲ್ಲ. ಯುದ್ಧಾನಂತರ ಪತ್ರಕರ್ತರು ಬಂದಾಗ ಇವರು ಹೆಚ್ಚಾಗಿ ಬಾಯಿ ಬಿಡಲಿಲ್ಲ. ಅದರ ಫಲವಾಗಿ ಪುಸ್ತಕಗಳಲ್ಲಿ ಅವರ ಪುಟಗಳು ಕಡಿಮೆ.

ತಾಂಸ್ ಊರಿಗೆ ಸೇರಿದ ಶೊಮಾರ್ಜೆ ಎಂಬ ಕೊಪ್ಪಲಿನಲ್ಲಿ ಕೆಲವು ಯೆಹೂದ್ಯ ಪಂಡಿತರು ನೆಲೆಸಿ, ಹೊರಗೆ ಬೇಟೆ ನಡೆಯುತ್ತಿದ್ದಾಗ ಒಳಗೆ ಶಾಸ್ತ್ರವ್ಯಾಸಂಗ ನಡೆಸಿದರು. ಅವರಲ್ಲಿದ್ದ ಆಂದ್ರೆ ಶೂರಾಕಿ ಮುಂದೆ ಬೈಬಲನ್ನೂ ಕುರಾನನ್ನೂ ಫ್ರೆಂಚಿಗೆ ಅನುವಾದಿಸಿದರು. ಫಾಯೋಲ್ ಎಂಬ ಕೊಪ್ಪಲಿನ ರೈತನ ಮನೆಯಲ್ಲಿ ಒಸ್ಕಾರ್ ರೊಸೋವ್‌ಸ್ಕಿ ಎಂಬ ಇಪ್ಪತ್ತರ ಆಸುಪಾಸಿನ ಯೆಹೂದ್ಯ ತರುಣ ಇದ್ದ. ವೈದ್ಯನಾಗಬೇಕೆಂದಿದ್ದವನಿಗೆ ಕಾನೂನು ಅವಕಾಶ ಕೊಡಲಿಲ್ಲ. ಬೆರಳಚ್ಚು ಯಂತ್ರಗಳ ರಿಪೇರಿ ಕಲಿತಿದ್ದ. ಆ ಕೈಚಳಕದಿಂದ ರಾತ್ರಿಯೆಲ್ಲ ಕುಳಿತು ಗುರುತುಚೀಟಿ, ಪಡಿತರ ಚೀಟಿಗಳನ್ನು ಸೃಷ್ಟಿಸುತ್ತಿದ್ದ. ಮೊಹರುಗಳೂ ಕಾಗದಗಳೂ ಆ ರೈತನ ಜೇನುಪೆಟ್ಟಿಗೆಗಳಲ್ಲಿ ಅಡಗಿದ್ದವು. ಜೇನುಹುಳು ಕಾವಲಿದ್ದ ಕಡೆ ಯಾವ ಪೊಲೀಸನೂ ಕೈಹಾಕಲಿಲ್ಲ. ಯುದ್ಧದ ಅನಂತರ ಅವನು ವೈದ್ಯನೇ ಆದ.

ಲ ಮಾಜೆ ಊರಿಗೆ ಸೇರಿದ ಪಾನೆಲಿಯೇ ಎಂಬಲ್ಲಿ 1942ರ ಬೇಸಿಗೆಯಿಂದ ಕ್ಷಯದ ಆರೈಕೆಗೆಂದು ಬಂದು ಉಳಿದಿದ್ದವನು ಸಾಹಿತಿ ಆಲ್ಬರ್ಟ್ ಕಾಮೂ. 1947ರಲ್ಲಿ ಪ್ರಕಟವಾದ ‘ಪ್ಲೇಗ್’ ಕಾದಂಬರಿಯ ಮೇಲೆ ಅವನು ಅಲ್ಲಿ ಕೆಲಸ ಮಾಡಿದ. ಸುತ್ತಲಿನ ಮನೆಗಳಲ್ಲಿ ನಡೆಯುತ್ತಿದ್ದುದು ಅವನಿಗೆಷ್ಟು ತಿಳಿದಿತ್ತೆಂಬ ಬಗ್ಗೆ ವಿದ್ವಾಂಸರು ವಾದಿಸುತ್ತಾರೆ. ಆ ವಾದಕ್ಕೆ ನಾನು ಇಳಿಯುವುದಿಲ್ಲ. ಕಿಲೋಮೀಟರ್ ದೂರದ ಮನೆಯಲ್ಲಿ ಯಾರಿದ್ದಾರೆಂಬುದು ಪಕ್ಕದ ರೈತನಿಗೂ ತಿಳಿಯದಂತೆ ಕಾರ್ಯ ನಡೆದಿತ್ತು ಎಂಬುದಷ್ಟೇ ನನಗೆ ಮುಖ್ಯ.

ಹೀಗೆ ಚದುರಿ ಇರುವುದರ ಬೆಲೆ ಏನೆಂದು ಒಂದು ದುರಂತ ತೋರಿಸಿಕೊಟ್ಟಿತು. ಶಾಂಬೋಂ ಹತ್ತಿರದ ‘ಮೇಜೋಂ ದೆ ರೋಶ್’ ಎಂಬ ವಸತಿಗೃಹದಲ್ಲಿ ನಿರಾಶ್ರಿತ ವಿದ್ಯಾರ್ಥಿಗಳು ಒಟ್ಟಿಗೇ ಇದ್ದರು. 1943ರ ಜೂನ್ 29ರ ಬೆಳಗಿನಲ್ಲಿ ಗೆಸ್ಟಾಪೋ ಆ ಮನೆಯನ್ನು ಸುತ್ತುವರಿಯಿತು. ಅದರ ಹೊಣೆ ಹೊತ್ತಿದ್ದ ತರುಣ ದಾನಿಯೆಲ್ ತ್ರೋಕ್ಮೆ, ಪಾಸ್ಟರರ ಬಂಧು, ಆ ಹೊತ್ತಿಗೆ ಬೇರೊಂದು ಮಕ್ಕಳ ಮನೆಯಲ್ಲಿದ್ದ. ಕಾಡಿಗೆ ಓಡಿಹೋಗಲು ಸಮಯವಿತ್ತು. ತನ್ನ ವಿದ್ಯಾರ್ಥಿಗಳ ಬಳಿ ಇರಬೇಕೆಂದು ಹೊರಟ. ಹದಿನೆಂಟು ವಿದ್ಯಾರ್ಥಿಗಳೊಂದಿಗೆ ಅವನನ್ನೂ ಒಯ್ದರು. ಸ್ಪೇನಿನ ಒಬ್ಬ ವಿದ್ಯಾರ್ಥಿ ಮಾತ್ರ ಅಂದು ಉಳಿದ ಬಗೆ ವಿಚಿತ್ರವಾದದ್ದು. ಲಿನ್ಯೋಂ ಹೊಳೆಯಲ್ಲಿ ಮುಳುಗುತ್ತಿದ್ದ ಜರ್ಮನ್ ಸೈನಿಕನೊಬ್ಬನನ್ನು ಅವನು ಹಿಂದೆ ದಡಕ್ಕೆ ಎಳೆದಿದ್ದ. ಮಾಗ್ದಾ ಆ ಸೈನಿಕರಿದ್ದ ಹೋಟೆಲಿಗೇ ಓಡಿ, ಸಾಕ್ಷಿ ಹೇಳುವವರನ್ನು ಕರೆತಂದು ಅವನನ್ನು ಬಿಡಿಸಿದರು. ದಾನಿಯೆಲ್ ಯೆಹೂದ್ಯನಲ್ಲ. 1944ರ ಏಪ್ರಿಲಿನಲ್ಲಿ ಪೋಲೆಂಡಿನ ಮೈದಾನೆಕ್ ಶಿಬಿರದಲ್ಲಿ ಪ್ರಾಣಬಿಟ್ಟ. ಆಶ್ರಿತರು ಒಂದೇ ಸೂರಿನಡಿ ಒಟ್ಟಾಗಿ ಸಿಕ್ಕಿಬಿದ್ದದ್ದು ಅಲ್ಲಿ ಮಾತ್ರ. ಕೊಪ್ಪಲುಗಳಲ್ಲಿ ಮನೆಗೊಬ್ಬರು ಇಬ್ಬರಂತೆ ಇದ್ದವರನ್ನು ಹಿಡಿಯಲು ಗೆಸ್ಟಾಪೋ ಇಡೀ ಪ್ರಸ್ಥಭೂಮಿಯನ್ನೇ ಅಗೆಯಬೇಕಾಗಿತ್ತು.

ಊರಿನ ವೈದ್ಯ ರೋಜೆ ಲ ಫೊರೆಸ್ತಿಯೇ ಕೂಡ ಹಿಂದಿರುಗಲಿಲ್ಲ. ಹಿಂದೆ ಆಫ್ರಿಕದ ಲಾಂಬರೇನೆಯಲ್ಲಿ ಆಲ್ಬರ್ಟ್ ಷ್ವೈಟ್ಜರರ ಬಳಿ ಸೇವೆ ಮಾಡಿ ಬಂದಿದ್ದವರು ಅವರು. 1944ರ ಆಗಸ್ಟ್ 20ರಂದು, ಬಿಡುಗಡೆಗೆ ಇನ್ನು ಕೆಲವೇ ದಿನಗಳಿರುವಾಗ, ಲಿಯೋಂ ನಗರದ ಹೊರವಲಯದಲ್ಲಿ ಇತರ ಅನೇಕ ಬಂದಿಗಳೊಡನೆ ಅವರನ್ನು ಕೊಂದರು. ಅದಕ್ಕೂ ಮೊದಲು, 1943ರ ಫೆಬ್ರವರಿಯಲ್ಲಿ, ತ್ರೋಕ್ಮೆ, ತೇಯಿಸ್ ಮತ್ತು ಶಾಲಾಶಿಕ್ಷಕ ರೋಜೆ ದಾರ್ಸಿಸಾಕ್ ಮೂವರನ್ನೂ ಸುಮಾರು ಒಂದು ತಿಂಗಳ ಕಾಲ ಶಿಬಿರದಲ್ಲಿ ಇಟ್ಟಿದ್ದರು. ಆ ಹೊತ್ತಿನಲ್ಲಿ ಕಾರ್ಯ ನಿಂತಿತೇ? ನಿಲ್ಲಲಿಲ್ಲ. ನಾಯಕರು ಸೆರೆಯಲ್ಲಿದ್ದಾಗಲೂ ಹಾಲು ಕರೆಯುವ ಹೊತ್ತಿಗೆ ಹಾಲು ಕರೆದು, ಒಂದು ತಟ್ಟೆ ಹೆಚ್ಚು ಇಡುವ ಕಡೆ ಹೆಚ್ಚು ಇಡುತ್ತಲೇ ಇದ್ದರು.

ಈಗ ನಮ್ಮ ಸಭೆಯ ವಿಷಯಕ್ಕೆ ಬರುತ್ತೇನೆ. ಅಪಾಯ ಹೆಚ್ಚಿದಂತೆ ಹಲವರನ್ನು ಸ್ವಿಟ್ಜರ್ಲೆಂಡಿಗೆ ದಾಟಿಸಬೇಕಾಯಿತು. ಈ ಪ್ರಸ್ಥಭೂಮಿಯಿಂದ ಗಡಿ ಬಹಳ ದೂರ. ಮಿರೇಯ್ ಫಿಲಿಪ್ ಎಂಬ ಮಹಿಳೆ ಮತ್ತು ಸಿಮಾದ್‌ನ ತರುಣ ತರುಣಿಯರು ಸಣ್ಣ ಸಣ್ಣ ಗುಂಪುಗಳನ್ನು ರೈಲಿನಲ್ಲಿ ಆನೆಸಿ ಸೀಮೆಗೆ ಒಯ್ಯುತ್ತಿದ್ದರು. ಅಲ್ಲಿ ಕೈಗೂಡಿದವರು ಕಥೋಲಿಕ ಗುರುಗಳು. ದುವೇನ್ ಊರಿನ ವಿಚಾರಣಾ ಗುರು ಜಾಂ ರೋಜೆ ಅವರಲ್ಲಿ ಒಬ್ಬರು. ಸೆರೆಸಿಕ್ಕಿ 1945ರಲ್ಲಿ ಜರ್ಮನಿಯ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ತೀರಿಕೊಂಡರು. ವಿಲ್-ಲಾ-ಗ್ರಾಂ ಎಂಬಲ್ಲಿ ಸಂತ ಫ್ರಾನ್ಸಿಸ್ ದೆ ಸಾಲೆಸರ ಮಿಷನರಿಗಳ ಒಂದು ಶಾಲೆಯಿತ್ತು. 1846ರಲ್ಲಿ ವಿಶಾಖಪಟ್ಟಣಕ್ಕೆ ಬಂದು ನೆಲೆಸಿದ, ಇಂದು ಬೆಂಗಳೂರಿನಲ್ಲಿಯೂ ಮನೆಗಳಿರುವ ಅದೇ ಸಭೆ. ಆ ಶಾಲೆಯ ತೋಟದ ಗೋಡೆಯೇ ಸ್ವಿಟ್ಜರ್ಲೆಂಡಿನ ಗಡಿ. ಬ್ರದರ್ ರೇಮೋಂ ಬೊಕಾರ್ ಎಂಬ ತೋಟಗಾರ ಮೇಲಂತಸ್ತಿನ ಕಿಟಕಿಯಲ್ಲಿ ಕುಳಿತು ಜರ್ಮನ್ ಕಾವಲುಗಾರರ ನಡಿಗೆಯನ್ನು ನೋಡುತ್ತಿರುವರು; ಅವರು ತಿರುವಿನಲ್ಲಿ ಮರೆಯಾದೊಡನೆ 

ಟೋಪಿ ಬೀಸುವರು, ಕೆಳಗೆ ಏಣಿ ಹಿಡಿದು ನಿಂತವರಿಗೆ ಸಿಗುತ್ತಿದ್ದುದು ಒಂದೆರಡು ನಿಮಿಷ. ಈ ದಾರಿಯನ್ನು ನಡೆಸಿದ ಫಾದರ್ ಲೂಯಿ ಫಾವ್ರ್ ಅವರನ್ನು 1944ರ ಜುಲೈ 16ರಂದು ಜರ್ಮನರು ಗುಂಡಿಟ್ಟು ಕೊಂದರು. ತುಲೂಸಿನ ಮಹಾಧರ್ಮಾಧ್ಯಕ್ಷ ಸಾಲಿಯೇಜ್, ಪಾರ್ಶ್ವವಾಯುವಿನಿಂದ ಮಾತೇ ಸರಿಯಾಗಿ ಹೊರಡದಿದ್ದ ವೃದ್ಧರು, 1942ರ ಆಗಸ್ಟ್ 23ರಂದು ತಮ್ಮ ಧರ್ಮಕ್ಷೇತ್ರದ ದೇವಾಲಯಗಳಲ್ಲಿ ಓದಿಸಿದ ಪತ್ರವನ್ನೂ ಇಲ್ಲಿ ಸ್ಮರಿಸಬೇಕು. ಯೆಹೂದ್ಯರೂ ನಮ್ಮ ಸಹೋದರರೇ ಎಂದು ಅದು ಬಹಿರಂಗವಾಗಿ ಹೇಳಿತು. ಆದರೆ ಹಾಗೆ ಬಾಯಿ ತೆರೆದ ಧರ್ಮಾಧ್ಯಕ್ಷರು ಫ್ರಾನ್ಸಿನಲ್ಲಿ ಕೆಲವರೇ. ಮೌನವಾಗಿದ್ದವರು ಹೆಚ್ಚು. ಎರಡೂ ಚರಿತ್ರೆಯೇ.

ಹೀಗೆ ಪ್ರಾಟೆಸ್ಟೆಂಟ್ ಕೊಪ್ಪಲಿನ ರೈತ ಬಚ್ಚಿಟ್ಟವನನ್ನು ಕಥೋಲಿಕ ಬ್ರದರು ಗೋಡೆ ದಾಟಿಸಿದ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಮುನ್ನೂರು ವರ್ಷಗಳ ಹಿಂದಿನ ಲೆಕ್ಕವನ್ನು ಇಬ್ಬರೂ ತೆಗೆಯಲಿಲ್ಲ.

ಎಷ್ಟು ಮಂದಿ ಉಳಿದರು? ಆ ಪ್ರಸ್ಥಭೂಮಿಯಲ್ಲಿ ಸುಮಾರು 5,000 ಮಂದಿ ಆಶ್ರಯ ಪಡೆದರೆಂದೂ ಅವರಲ್ಲಿ 3,000ದಿಂದ 3,500 ಮಂದಿ ಯೆಹೂದ್ಯರೆಂದೂ ಒಂದು ಅಂದಾಜಿದೆ. ಇದಕ್ಕಿಂತ ಕಡಿಮೆ ಹೇಳುವ ಇತಿಹಾಸಕಾರರೂ ಉಂಟು. ಲೆಕ್ಕ ಬರೆದಿಟ್ಟರೆ ಸಿಕ್ಕಿಬೀಳುವ ಕಾಲದಲ್ಲಿ ಲೆಕ್ಕ ಸಿಗುವುದಾದರೂ ಹೇಗೆ? ಫ್ರಾನ್ಸಿನಿಂದ ಸುಮಾರು 76,000 ಯೆಹೂದ್ಯರನ್ನು ಗಡೀಪಾರು ಮಾಡಿದರು, ಹಿಂದಿರುಗಿದವರು 2,500ರಷ್ಟು ಎಂಬುದನ್ನು ಜೊತೆಗಿಟ್ಟು ನೋಡಿದರೆ ಆ ಸಂಖ್ಯೆಯ ಬೆಲೆ ತಿಳಿಯುತ್ತದೆ.

1971ರಲ್ಲಿ ಜೆರುಸಲೇಮಿನ ಯಾದ್ ವಾಷೆಮ್ ಸಂಸ್ಥೆ ಆಂದ್ರೆ ತ್ರೋಕ್ಮೆಯವರಿಗೆ ‘ಜನಾಂಗಗಳ ನಡುವಿನ ನೀತಿವಂತ’ ಎಂಬ ಗೌರವವನ್ನು ಪ್ರಕಟಿಸಿತು. ಸುದ್ದಿ ತಿಳಿದಾಗ ಅವರು ಕೊಟ್ಟ ಉತ್ತರ ನನ್ನನ್ನು ಈ ವಿಷಯಕ್ಕೆ ಎಳೆದದ್ದು. ನನಗೆ ಮಾತ್ರ ಏಕೆ? ನನ್ನಷ್ಟೇ, ನನಗಿಂತಲೂ ಹೆಚ್ಚಾಗಿ ಮಾಡಿದ ಆ ಸೀಮೆಯ ಬಡ ರೈತರಿಗೆ ಏಕಿಲ್ಲ? ನನ್ನ ಹೆಂಡತಿಗೆ ಏಕಿಲ್ಲ? ತೇಯಿಸರಿಗೆ ಏಕಿಲ್ಲ? ಹೀಗೆ ಕೇಳಿ ಬರೆದರು. ಅದೇ ವರ್ಷ ಜೂನಿನಲ್ಲಿ ಅವರು ತೀರಿಕೊಂಡರು. 1979ರಲ್ಲಿ ಫಿಲಿಪ್ ಹ್ಯಾಲಿ ಎಂಬ ಅಮೆರಿಕನ್ ತತ್ತ್ವಜ್ಞಾನಿ ಬರೆದ ಪುಸ್ತಕ ಶಾಂಬೋಂ ಹೆಸರನ್ನು ಜಗತ್ತಿಗೆಲ್ಲ ಹರಡಿತು. ಒಳ್ಳೆಯ ಪುಸ್ತಕ, ಆದರೆ ಅದರಲ್ಲಿ ಬೆಳಕೆಲ್ಲ ಒಂದು ಊರಿನ, ಒಬ್ಬ ಪಾಸ್ಟರರ ಮೇಲೆ ಬಿದ್ದಿತು. ಫೇ, ಲ ಮಾಜೆ, ತಾಂಸ್ ಕಡೆಯವರಿಗೆ ಅದು ಸಮಾಧಾನ ತರಲಿಲ್ಲವೆಂದು ಕೇಳಿದರೆ ಆಶ್ಚರ್ಯಪಡಬೇಕಾಗಿಲ್ಲ. ಮಾಡುವಾಗ ಹೆಸರು ಬೇಡವೆಂದವರಿಗೂ, ಬೇರೆಯವರ ಹೆಸರು ಬಂದಾಗ ಚುಚ್ಚುತ್ತದೆ. ಮನುಷ್ಯಸ್ವಭಾವ ಎಲ್ಲೆಡೆಯೂ ಒಂದೇ. ಯಾವ ಸ್ಮರಣ ಸಂಚಿಕೆಯ ಸಂಪಾದಕರನ್ನು ಬೇಕಾದರೂ ಕೇಳಿ ನೋಡಬಹುದು.

1990ರಲ್ಲಿ ಯಾದ್ ವಾಷೆಮ್ ಮತ್ತೊಂದು ಗೌರವಪತ್ರವನ್ನು ನೀಡಿತು. ಅದು ವ್ಯಕ್ತಿಗಲ್ಲ, ಶಾಂಬೋಂ ಮತ್ತು ನೆರೆಯ ಗ್ರಾಮಗಳ ನಿವಾಸಿಗಳಿಗೆ. ಒಂದು ಇಡೀ ಜನಸಮುದಾಯಕ್ಕೆ ಇಂಥ ಮನ್ನಣೆ ದೊರೆತದ್ದು ತೀರ ವಿರಳ. ನೆದರ್ಲೆಂಡ್ಸಿನ ನಿಯೂಲಾಂಡೆ ಇನ್ನೊಂದು ಉದಾಹರಣೆ. 2004ರಲ್ಲಿ ಫ್ರಾನ್ಸಿನ ಅಧ್ಯಕ್ಷ ಜಾಕ್ ಶಿರಾಕ್ ಅಲ್ಲಿಗೆ ಬಂದು ಹೋದರು. 2013ರಲ್ಲಿ ಶಾಂಬೋಂನಲ್ಲಿ ಒಂದು ಸ್ಮಾರಕ ಸಂಗ್ರಹಾಲಯ ತೆರೆಯಿತು. 1938ರ ಆ ಶಾಲೆ 2014ರಲ್ಲಿ ಮುಚ್ಚಿತು. ಸಣ್ಣ ಹಳಿಯ ರೈಲು 1968ರಲ್ಲಿಯೇ ನಿಂತಿತ್ತು. ಈಗ ಪ್ರವಾಸಿಗರಿಗಾಗಿ ಅದರ ಒಂದು ಭಾಗದಲ್ಲಿ ಮಾತ್ರ ಬಂಡಿ ಓಡುತ್ತದೆ. ಬಾಲ್ಯದಲ್ಲಿ ತಂದೆತಾಯಿಯೊಡನೆ ಅಲ್ಲಿಗೆ ಬಂದು ಉಳಿದಿದ್ದ, ಆಸ್ಟ್ರಿಯಾ ಮೂಲದ ಒಬ್ಬ ವೃದ್ಧರು 2020ರ ಕೊನೆಗೆ ತೀರಿಕೊಂಡಾಗ ತಮ್ಮ ಆಸ್ತಿಯ ದೊಡ್ಡ ಭಾಗವನ್ನು ಶಾಂಬೋಂ ಗ್ರಾಮಕ್ಕೆ ಬರೆದಿಟ್ಟಿದ್ದು ತಿಳಿದುಬಂದಿತು. ಊರಿನ ಮಕ್ಕಳ ವಿದ್ಯೆಗೆ ಬಳಸಬೇಕೆಂಬುದು ಅವರ ಇಚ್ಛೆಯಾಗಿತ್ತು.

ತಮ್ಮ ತಾಳ್ಮೆಯನ್ನು ಇನ್ನು ಪರೀಕ್ಷಿಸುವುದಿಲ್ಲ. 1990ರ ಆ ಗೌರವಪತ್ರದಲ್ಲಿ ‘ನೆರೆಯ ಗ್ರಾಮಗಳು’ ಎಂಬ ಶಬ್ದದೊಳಗೆ ಸೇರಿಹೋದ ಊರುಗಳಲ್ಲಿ ಕೆಲವನ್ನಾದರೂ ಈ ಸಭೆಯಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿ ನನ್ನ ಸ್ಥಾನಕ್ಕೆ ಮರಳುತ್ತೇನೆ. ಉಚ್ಚಾರಣೆಯಲ್ಲಿ ಹೆಚ್ಚುಕಡಿಮೆಯಿದ್ದರೆ ಆ ಊರುಗಳವರು ಕ್ಷಮಿಸಲಿ. ಲ ಮಾಜೆ. ಫೇ. ತಾಂಸ್. ಸೇಂತ್ ಆಗ್ರೇವ್. ದವೆಸ್ಸೆ. ಮಾರ್ಸ್. ಲೆ ವಾಸ್ತ್ರ್. ಅವುಗಳ ಮಡಿಲಿನ ಶೊಮಾರ್ಜೆ, ಫಾಯೋಲ್, ಪಾನೆಲಿಯೇ.